ಮಾಳಮ್ಮನ ಹೊಂಡಕ್ಕೆ ಬಂದ ಬಿಳಿ ಬಾಲ ರೋಗ

ಕೋವಿಡ್ ಮುಗಿದ ಮೇಲಿನ ಎರಡನೆಯ ಮಳೆಗಾಲ. ಆಗ ನಾನು ಬೀದರದಲ್ಲಿ ಒಳನಾಡು ಜಲಕೃಷಿ ಯೋಜನೆಯೊಂದರ ತಾಂತ್ರಿಕ ಅಧಿಕಾರಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಬೀದರ, ಭಾಲ್ಕಿ, ಔರಾದ ಮೂರೂ ತಾಲ್ಲೂಕಿಗೆ ಸೇರಿ ಇದ್ದದ್ದು ಒಬ್ಬ ಅಧಿಕಾರಿ, ಒಬ್ಬ ಚಾಲಕ, ಒಂದು ಹಳೆಯ ಜೀಪು ಮತ್ತು ಒಂದು ಬೀಸುಬಲೆ. ಇನ್ನೂ ಮೂರು ಹುದ್ದೆ ಮಂಜೂರಾಗಿದ್ದವು. ಅವುಗಳ ಕುರ್ಚಿ ಬಂದವು, ಜನ ಬರಲಿಲ್ಲ. ಕಚೇರಿಯ ಹೆಸರು ಇಲ್ಲಿ ಬೇಡ. ನಾನು ಹೇಳಹೊರಟ ತಪ್ಪು ನನ್ನದು, ಅದನ್ನು ಕಟ್ಟಡದ ತಲೆಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಸೇವೆಯುದ್ದಕ್ಕೂ ಕಾಟ್ಲಾ, ರೋಹು ಎಂದು ಕೆರೆಮೀನಿನ ಹಿಂದೆ ತಿರುಗಿದವನು ನಾನು. ಕಾಲು ಸೋತ ಕಾಲಕ್ಕೆ ಮೇಲಿನಿಂದ ಹೊಸ ಆದೇಶ ಬಂತು: ಕೃಷಿ ಹೊಂಡಗಳಲ್ಲಿ ಸಿಹಿನೀರಿನ ಸೀಗಡಿ ಸಾಕಬೇಕು. ನಮ್ಮ ಕಡೆ ಸೀಗಡಿಗೆ ಝಿಂಗಾ ಅನ್ನುತ್ತಾರೆ. ಈ ಪ್ರಾಣಿ ಬೆಳೆಯುವುದು ಸಿಹಿನೀರಿನಲ್ಲಾದರೂ ಹುಟ್ಟುವುದು ನದಿ ಸಮುದ್ರ ಸೇರುವ ಅಳಿವೆಯಲ್ಲಿ. ಮೊದಲ ಒಂದು ತಿಂಗಳು ಅದಕ್ಕೆ ಉಪ್ಪು ಬೆರೆತ ನೀರೇ ಬೇಕು. ಹಾಗಾಗಿ ಮರಿ ಮಾಡುವ ಹ್ಯಾಚರಿಗಳೆಲ್ಲ ಕರಾವಳಿಯಲ್ಲಿವೆ. ಅಲ್ಲಿಂದ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ, ಜೀರಿಗೆಯಷ್ಟು ಸಣ್ಣ ಮರಿಗಳು ನಮ್ಮ ಬಿಸಿಲೂರಿಗೆ ಬರಬೇಕು.

"ಸಾಹೇಬ್ರ, ಬೀದರದಾಗ ಸಮುದ್ರ ಎಲ್ಲಿ ಇಟ್ಟಾರ್ರಿ, ಝಿಂಗಾ ಸಾಕ್ಲಿಕ್ಕ?" ಎಂದು ನನ್ನ ಚಾಲಕ ಇಸ್ಮಾಯಿಲ್ ಕೇಳಿದ. "ಆದೇಶದಾಗ ಇಟ್ಟಾರ, ನಡಿ" ಎಂದೆ. ಆ ವರ್ಷವೆಲ್ಲ ನಮ್ಮ ನಗೆ ಇಷ್ಟೇ ಮಟ್ಟದ್ದು.

ಪ್ರಯೋಗಕ್ಕೆ ಮೂರು ಹೊಂಡ ಆರಿಸಿದೆವು. ಔರಾದ ಹತ್ತಿರ ಬಾಲಾಜಿ ಎಂಬ ರೈತನದು ಒಂದು, ಭಾಲ್ಕಿ ರಸ್ತೆಯಲ್ಲಿ ಒಂದು, ಬೀದರ ತಾಲ್ಲೂಕಿನ ಮನ್ನಳ್ಳಿಯಲ್ಲಿ ಮಾಳಮ್ಮನದು ಒಂದು. ಮಾಳಮ್ಮನ ಮನೆತನ ತಲೆತಲಾಂತರದಿಂದ ಕುರಿ ಸಾಕಿದ್ದು. ಗಂಡ ಬೀರಪ್ಪನ ಮೊಣಕಾಲು ಕೆಟ್ಟು, ಹಿಂಡಿನ ಹಿಂದೆ ನಡೆಯುವುದು ಅವನಿಂದ ಆಗದಾಯಿತು. ವರ್ಷದ ಮುಂಚೆ ಹಿಂಡನ್ನು ಕೊಟ್ಟುಬಿಟ್ಟಿದ್ದರು. ಖಾಲಿ ಹಟ್ಟಿಯ ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡ, ಅದಕ್ಕೆ ಸ್ವಂತ ಬಾವಿಯ ನೀರು. ಗಂಡ ಹೆಂಡತಿ ಇಬ್ಬರೂ ಊರಲ್ಲೇ ಇದ್ದು ಮಾಡಬಹುದಾದ ಕೆಲಸವೆಂದರೆ ಅವರಿಗೆ ಇದೊಂದೇ. ಇದು ಕೈಕೊಟ್ಟರೆ ಮಾಳಮ್ಮ ದೊಡ್ಡ ಊರು ಹುಡುಕಿಕೊಂಡು ಕಟ್ಟಡ ಕೆಲಸಕ್ಕೆ ಹೋಗಬೇಕು, ಬೀರಪ್ಪ ಒಬ್ಬನೇ ಮನೆಯಲ್ಲಿರಬೇಕು. ಅರ್ಜಿ ಬರೆಸುವಾಗಲೇ ಅವಳು ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಳು.

ಔರಾದ ಮತ್ತು ಭಾಲ್ಕಿಯ ಮರಿ ಒಂದೇ ಹ್ಯಾಚರಿಯಿಂದ ಮೊದಲು ಬಂದವು. ಜೊತೆಗೆ ರೋಗಮುಕ್ತ ಎಂಬ ಕಾಗದವೂ ಬಂತು. ಕಾಗದ ನಂಬಿ ಬಿಟ್ಟುಬಿಟ್ಟೆ. ಮಾಳಮ್ಮನ ಮರಿ ಹತ್ತು ದಿನ ತಡವಾಗಿ ಬೇರೆ ಹ್ಯಾಚರಿಯಿಂದ ಬಂದವು. ಅವನ್ನು ಮಾತ್ರ ಪಿಸಿಆರ್ ಪರೀಕ್ಷೆ ಮಾಡಿಸಿಯೇ ಕಳಿಸಿದ್ದರು. ಪಿಸಿಆರ್ ಎಂದರೆ ಏನೆಂದು ಕೋವಿಡ್ ಕಂಡ ಜನಕ್ಕೆ ವಿವರಿಸಬೇಕಾಗಿಲ್ಲ. ವೈರಸ್ ಇಲ್ಲ ಎಂದು ವರದಿಯಿತ್ತು.

ಮಾಳಮ್ಮ ಆ ಮರಿಗಳನ್ನು ನೋಡಿಕೊಂಡ ರೀತಿ ಹೇಳಬೇಕು. ಆಹಾರ ಇಡುವ ತಟ್ಟೆಯನ್ನು ಹೊತ್ತಿಗೆ ಸರಿಯಾಗಿ ಎತ್ತಿ ನೋಡುವಳು. ಎಷ್ಟು ತಿಂದವು, ಎಷ್ಟು ಬಿಟ್ಟವು ಎಂದು ನನಗೆ ಫೋನಿನಲ್ಲಿ ಹೇಳುವಳು. "ಇವತ್ತ ಮರಿ ಮೇಯ್ಲಿಲ್ರಿ, ಮೋಡ ಆಗ್ಯದಲ್ರಿ, ಅದಕ್ಕ" ಎಂದು ಕಾರಣವನ್ನೂ ತಾನೇ ಕೊಡುವಳು. ನಾನು ಪುಸ್ತಕದಲ್ಲಿ ಹುಡುಕಿದರೆ ಅವಳ ಮಾತೇ ಸರಿ ಇರುತ್ತಿತ್ತು.

ಅವಳ ಹೊಂಡಕ್ಕೆ ಮರಿ ಬಿಟ್ಟ ಹನ್ನೆರಡನೆಯ ದಿನ ಬೆಳಿಗ್ಗೆ ಔರಾದದಿಂದ ಬಾಲಾಜಿಯ ಫೋನ್ ಬಂತು.

"ಸಾಹೇಬ್ರ, ನೀರಿನ ಮ್ಯಾಲ ಅಭ್ರಕ ಚೆಲ್ಲಿದಂಗ ಆಗ್ಯದ್ರಿ. ಲಗೂನ ಬರ್ರಿ."

ಹೋಗಿ ನೋಡಿದೆ. ಅಭ್ರಕದ ಹಾಗೆ ಹೊಳೆಯುತ್ತಿದ್ದದ್ದು ಮರಿಗಳು ಕಳಚಿದ ಸಿಪ್ಪೆ. ಬಲೆ ಬೀಸಿ ಎಳೆದರೆ, ಗಾಜಿನಂತೆ ಪಾರದರ್ಶಕವಾಗಿರಬೇಕಾದ ಮರಿಗಳ ಬಾಲ ಹಾಲಿನ ಬಣ್ಣಕ್ಕೆ ತಿರುಗಿತ್ತು. ಅರ್ಧಕ್ಕರ್ಧ ಸತ್ತಿದ್ದವು. ಹೀಗೆ ಬಾಲ ಬೆಳ್ಳಗಾಗಲು ಎರಡು ಕಾರಣಗಳಿರುತ್ತವೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ, ಬಿಸಿ ಹೆಚ್ಚಿದರೆ ಮಾಂಸಖಂಡ ಬೆಳ್ಳಗಾಗುತ್ತದೆ. ನೀರು ಸರಿಮಾಡಿದರೆ ಸುಧಾರಿಸುತ್ತದೆ. ಇನ್ನೊಂದು, ಬಿಳಿ ಬಾಲ ರೋಗ. ಇದು ವೈರಸ್ಸಿನಿಂದ ಬರುವಂಥದ್ದು. ತಾಯಿಯಿಂದ ಮರಿಗೆ ಬರುತ್ತದೆ, ನೀರಿನಿಂದ, ಬಲೆಯಿಂದ, ಬಕೆಟಿನಿಂದ ಹರಡುತ್ತದೆ. ದೊಡ್ಡ ಸೀಗಡಿಗೆ ಸಾಮಾನ್ಯವಾಗಿ ಏನೂ ಆಗದು, ಹೊತ್ತು ತಿರುಗುತ್ತದೆ ಅಷ್ಟೆ. ಮರಿಗಳು ಮಾತ್ರ ನಾಲ್ಕೈದು ದಿನದಲ್ಲಿ ಸಾಲುಸಾಲಾಗಿ ಸಾಯುತ್ತವೆ. ಔಷಧವಿಲ್ಲ. ಮನುಷ್ಯರಿಗೆ ಇದರಿಂದ ಅಪಾಯವಿಲ್ಲ ಎಂಬುದೊಂದೇ ಸಮಾಧಾನ.

ನಾನು ಮೊದಲನೆಯ ಕಾರಣ ಎಂದುಕೊಂಡೆ. ಮಳೆ ಕೈಕೊಟ್ಟು ವಾರದಿಂದ ಧಗೆಯಿತ್ತು, ಬಾಲಾಜಿಯ ಹೊಂಡದಲ್ಲಿ ನೀರು ಮೊಣಕಾಲಿಗಿಂತ ತುಸು ಮೇಲಿತ್ತು. ನಿಜ ಹೇಳಬೇಕೆಂದರೆ, ಎರಡನೆಯ ಕಾರಣವೆಂದು ಒಪ್ಪಿಕೊಂಡರೆ ಆಮೇಲೆ ಮಾಡಬೇಕಾದ ಕೆಲಸ ನೆನೆದೇ ನನಗೆ ಸುಸ್ತಾಗಿತ್ತು. ಆದರೂ ಪದ್ಧತಿಯಂತೆ ಮರಿಗಳನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿ, ಕರಾವಳಿಯ ಪ್ರಯೋಗಾಲಯಕ್ಕೆ ಕಳಿಸಲು ಚೀಟಿ ಬರೆದೆ. ಬಲೆಯನ್ನು ಅಲ್ಲೇ ಬಾಲಾಜಿಯ ನೀರಿನಲ್ಲಿ ಜಾಲಾಡಿ ಜೀಪಿನ ಹಿಂದೆ ಎಸೆದೆ. ಬಲೆ ಅದ್ದಿ ಸೋಂಕು ಕಳೆಯಲು ಬೇಕಾದ ಬ್ಲೀಚಿಂಗ್ ಪೌಡರ್ ಅದೇ ಜೀಪಿನಲ್ಲಿತ್ತು. ಚೀಲದ ಬಾಯಿಯ ಹೊಲಿಗೆ ಬಿಚ್ಚಿರಲಿಲ್ಲ.

ಅಲ್ಲಿಂದಲೇ ಮಾಳಮ್ಮನಿಗೆ ಫೋನ್ ಮಾಡಿದೆ. "ಔರಾದದಾಗ ಝಿಂಗಾ ಸಾಯ್ಲತ್ತಾವ. ಭಾಲ್ಕಿ ನೋಡಿ ನಿಮ್ಮ ಹೊಂಡಕ್ಕ ಬರ್ತೀನಿ."

"ಇವತ್ತೇ ಬರ್ಬೇಕೇನ್ರಿ ಸಾಹೇಬ್ರ?" ಎಂದು ಆ ಕಡೆಯಿಂದ ಕೇಳಿದಳು.

"ಇವತ್ತೇ" ಎಂದೆ. ಕೆಲಸದ ಮೇಲೆ ನನಗೆಷ್ಟು ಶ್ರದ್ಧೆ ಎಂದು ನನ್ನ ಬಗ್ಗೆ ನನಗೇ ಹೆಮ್ಮೆಯಾಗಿತ್ತು.

ಭಾಲ್ಕಿಯ ಹೊಂಡದಲ್ಲಿ ಅವತ್ತು ಕಣ್ಣಿಗೆ ಕಾಣುವಂಥದ್ದು ಏನೂ ಇರಲಿಲ್ಲ. ಮನ್ನಳ್ಳಿ ಮುಟ್ಟಿದಾಗ ಸುಮಾರು ನಾಲ್ಕು ಗಂಟೆ. ರಸ್ತೆಯಿಂದ ಹೊಂಡಕ್ಕೆ ಹೋಗುವ ಕಾಲುದಾರಿಗೆ ಅಡ್ಡಲಾಗಿ ಒಂದು ಬೇವಿನ ಟೊಂಗೆ ಬಿದ್ದಿತ್ತು. ಎಲೆ ಇನ್ನೂ ಬಾಡಿರಲಿಲ್ಲ. ಅದರ ಆಚೆ ಮಾಳಮ್ಮ ನಿಂತಿದ್ದಳು.

"ಇದೇನು ಮಾಳಮ್ಮ?"

"ಕುರ್ಯಾಗ ಹಿಂಗೇ ಇಡ್ತೇವ್ರಿ. ಒಂದು ಹಟ್ಟಿಗಿ ಮೈಲಿ ಬ್ಯಾನಿ ಬಿತ್ತಂದ್ರ, ಅಲ್ಲಿಗಿ ಹೋದವ್ರು ಮತ್ತೊಂದು ಹಟ್ಟಿಗಿ ಹೋಗಂಗಿಲ್ರಿ. ಮೂರು ದಿನ ದೂರ ಇರ್ತಾರ್ರಿ."

ಮೈಲಿ ಎಂದರೆ ಕುರಿಗೆ ಬರುವ ಸಿಡುಬು. ನನಗೆ ನಗು ಬಂತು. ಇಸ್ಮಾಯಿಲ್ ಕಡೆ ತಿರುಗಿ, "ಕೇಳಿದೇನಪಾ, ಝಿಂಗಾಕ್ಕೂ ಮೈಲಿ ಬರ್ತದಂತ" ಎಂದೆ. ಮತ್ತೆ ಅವಳಿಗೆ, "ನಾ ಏನು ಕುರಿ ಕಾಯೋ ಮನಷ್ಯಾ ಏನು ಮಾಳಮ್ಮ? ಅಲ್ಲಿ ನೀರು ಕಡಿಮಿ ಆಗಿ ಸತ್ತಾವ" ಎಂದೆ.

ಅವಳು ಬಗ್ಗಿ, ಟೊಂಗೆಯನ್ನು ತಾನೇ ಪಕ್ಕಕ್ಕೆ ಸರಿಸಿ, ನನಗೆ ದಾರಿ ಬಿಟ್ಟಳು.

ನಾನು ಹೋಗಿ ಬಲೆ ಬೀಸಿದೆ. ಬಲೆ ಇನ್ನೂ ಒಣಗಿರಲಿಲ್ಲ. ಎಂಥ ಚೆಂದದ ಮರಿಗಳು! ಅಂಗೈ ಮೇಲಿಟ್ಟರೆ ಅವುಗಳ ಮೈಯಾಚೆ ನನ್ನ ಕೈಗೆರೆ ಕಾಣುತ್ತಿತ್ತು. "ಜಿಲ್ಲಾದಾಗ ನಿಮ್ದೇ ಮೊದಲು" ಎಂದು ಹೊಗಳಿದೆ. ಅವಳು ಚಹಾ ಕೊಟ್ಟಳು, ನಾನು ಕುಡಿದು ಬಂದೆ.

ಆರನೆಯ ದಿನ ಮಾಳಮ್ಮನ ಫೋನ್. ಅವಳ ದನಿಯಲ್ಲಿ ಗಾಬರಿಯಿರಲಿಲ್ಲ, ಅದು ನನಗೆ ಆಮೇಲೆ ಹೊಳೆಯಿತು. "ಬಾಲ ಬೆಳ್ಳಗ ಆಗ್ಯಾವ್ರಿ" ಎಂದಳು, ಅಷ್ಟೇ. ಅದೇ ವಾರ ಭಾಲ್ಕಿಯದೂ ಹೋಯಿತು. ಒಂಬತ್ತನೆಯ ದಿನ ಪ್ರಯೋಗಾಲಯದ ಉತ್ತರ ಬಂತು: ಔರಾದದ ಮಾದರಿಯಲ್ಲಿ ಬಿಳಿ ಬಾಲ ರೋಗದ ವೈರಸ್ ಇದೆ. ಮಾಳಮ್ಮನ ಹೊಂಡದ್ದನ್ನೂ ಕಳಿಸಿದೆ. ಅದರಲ್ಲೂ ಅದೇ.

ಕಾಗದ ಮುಂದಿಟ್ಟುಕೊಂಡು ಕುಳಿತೆ. ಅವಳ ಮರಿ ಪರೀಕ್ಷೆಯಾಗಿ ಬಂದದ್ದು, ಹ್ಯಾಚರಿ ಬೇರೆ, ನೀರು ಸ್ವಂತ ಬಾವಿಯದು. ಔರಾದಕ್ಕೂ ಮನ್ನಳ್ಳಿಗೂ ನಡುವೆ ಹಕ್ಕಿ ಹಾರಿ ತಂದಿತೆನ್ನಲು ಅಷ್ಟು ಹತ್ತಿರವಲ್ಲ. ಎರಡೂ ಹೊಂಡ ಮುಟ್ಟಿದ್ದು ಒಂದೇ ಬಲೆ, ಒಂದೇ ಜೋಡಿ ಕಾಲು. ಎರಡೂ ನನ್ನವು. ಇಸ್ಮಾಯಿಲ್ ಬಾಗಿಲಲ್ಲಿ ನಿಂತು, "ಸಾಹೇಬ್ರ, ಊಟಾ?" ಎಂದು ಕೇಳಿದ. ನಾನು ಸುಮ್ಮನೆ ಅವನ ಮೇಲೆ ಹರಿಹಾಯ್ದೆ. ಪಾಪ, ಅವನದೇನು ತಪ್ಪು!

ಸೋಂಕು ಬಿದ್ದ ಹೊಂಡ ಖಾಲಿ ಮಾಡುವ ಕ್ರಮವಿದೆ. ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿ ವೈರಸ್ ಸಾಯುವವರೆಗೆ ಬಿಡಬೇಕು, ಹಳ್ಳಕ್ಕೆ ಹರಿಸಬಾರದು, ಸತ್ತ ಮರಿಗಳನ್ನು ಸುಣ್ಣ ಹಾಕಿ ಹೂಳಬೇಕು. ಅವತ್ತು ಚೀಲದ ಹೊಲಿಗೆ ಬಿಚ್ಚಿದೆ. ಮಾಳಮ್ಮ ಜರಡಿಯಲ್ಲಿ ಮರಿಗಳನ್ನು ಸೋಸಿ ಸೋಸಿ ಗುಂಡಿಗೆ ಹಾಕಿದಳು. ಬೀರಪ್ಪ ಒಂದು ಕಾಲು ಚಾಚಿಕೊಂಡು ದಂಡೆಯ ಮೇಲೆ ಕುಳಿತಿದ್ದ. "ಕುರಿ ಸತ್ತರ ಒದರ್ತಾವ್ರಿ, ಗೊತ್ತಾಗ್ತದ. ಇವು ದನೀನೇ ಮಾಡಲಿಲ್ಲ ನೋಡ್ರಿ" ಎಂದ. ನಾನು ಗುಂಡಿಗೆ ಸುಣ್ಣ ಸುರಿದೆ.

ಇನ್ನು ವರದಿ. ನಷ್ಟಕ್ಕೆ ಕಾರಣವೇನೆಂದು ನಾನು ಬರೆಯಬೇಕು. ಫಲಾನುಭವಿಯ ಅಲಕ್ಷ್ಯವೆಂದು ಬಂದರೆ ಅವರ ಹೆಸರು ಪಟ್ಟಿಯಿಂದ ಹೋಗುತ್ತದೆ, ಮತ್ತೆ ಮರಿ ಸಿಗುವುದಿಲ್ಲ. ನನ್ನ ಮೇಲಧಿಕಾರಿ ಕೆಟ್ಟ ಮನುಷ್ಯರಲ್ಲ. ಅವರಿಗೂ ನನ್ನಷ್ಟೇ ಸುಸ್ತಾಗಿತ್ತು. ಫೋನಿನಲ್ಲಿ, "ಮನ್ನಳ್ಳಿಗೆ ಹೊಂಡದ ನಿರ್ವಹಣೆಯಲ್ಲಿ ಲೋಪ ಅಂತ ಒಂದು ಸಾಲು ಬರೆದು ಮುಗಿಸಿರಿ. ಪರೀಕ್ಷೆ ಆಗಿ ಬಂದ ಮರಿ ಸತ್ತಿವೆ ಅಂದ್ರೆ ಮತ್ತೇನು ಕಾರಣ ಇರ್ತದೆ?" ಎಂದರು. ಬಲೆಯ ವಿಷಯ ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲೂ ಇಲ್ಲ.

ನಾನು ಬರೆದದ್ದು "ಸೋಂಕಿನ ಮೂಲ ಖಚಿತವಾಗಿಲ್ಲ" ಎಂದು. ಇದು ಸುಳ್ಳಲ್ಲ, ನಿಜವೂ ಅಲ್ಲ; ಸರ್ಕಾರಿ ಭಾಷೆಯಲ್ಲಿ ಇಂಥ ಸಾಲುಗಳಿಗೆ ಬರವಿಲ್ಲ. ಇದರಿಂದ ಅವಳ ಹೆಸರು ಉಳಿಯುತ್ತದೆಂಬ ಖಾತ್ರಿಯೂ ಇರಲಿಲ್ಲ. ಕಡತ ಪರಿಶೀಲನೆಗೆ ಹೋಗಿ ವರ್ಷಗಟ್ಟಲೆ ಕೂರುತ್ತಿತ್ತು. ಸಹಿ ಮಾಡಲು ಕೈ ಬಾರದೆ ಎರಡು ದಿನ ಡ್ರಾಯರಿನಲ್ಲಿಟ್ಟೆ. ಮೂರನೆಯ ದಿನ ಬಸ್ಸು ಹಿಡಿದು ಮನ್ನಳ್ಳಿಗೆ ಹೋದೆ. ಜೀಪಿನಲ್ಲಿ ಹೋಗಲು ನಾಚಿಕೆಯಾಯಿತು.

ಮಾಳಮ್ಮ ಮನೆಯ ಮುಂದೆ ಜೋಳ ಹಸನು ಮಾಡುತ್ತಿದ್ದಳು. ನಾನು ಕಟ್ಟೆಯ ಮೇಲೆ ಕುಳಿತು, ಬಲೆ ಔರಾದದಲ್ಲಿ ಒದ್ದೆಯಾಗಿದ್ದು, ಪೌಡರ್ ಹಾಕದೆ ತಂದದ್ದು, ಎಲ್ಲ ಹೇಳಿದೆ. "ನಿಮ್ಮ ಹೊಂಡಕ್ಕ ಬ್ಯಾನಿ ತಂದಾಂವ ನಾನೇ" ಎಂದೆ.

ಅವಳು ಮೊರ ಕೆಳಗಿಟ್ಟಳು.

"ನನಗ ಅವತ್ತೇ ಗೊತ್ತಿತ್ತಲ್ರಿ."

"ಗೊತ್ತಿದ್ದು ಯಾಕ ಬಿಟ್ರಿ? ಬ್ಯಾಡ ಅನಬೇಕಿತ್ತು!" ನನ್ನ ದನಿ ಏರಿತ್ತು. ತಪ್ಪು ನನ್ನದು, ಸಿಟ್ಟು ಅವಳ ಮೇಲೆ.

"ಸಾಹೇಬ್ರಿಗಿ ಹ್ಯಾಂಗ ಬ್ಯಾಡ ಅನ್ಲಿರಿ? ನಮ್ಮವ್ರಿಗಿ ಆದ್ರ ಟೊಂಗಿ ಕಂಡ್ರ ಸಾಕು, ಅಲ್ಲಿಂದೇ ತಿರಗ್ತಾರ. ನೀವು ನಕ್ರಿ. ಮ್ಯಾಲ ಏನು ಮಾತಾಡ್ಲಿ?"

ನನಗೆ ನನ್ನ ತಂದೆಯ ಮುಖ ಕಣ್ಣಮುಂದೆ ಬಂತು. ಅವರು ಬೀದರದ ಗಾಂಧಿ ಗಂಜಿನ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡಿದವರು. ದೊಡ್ಡವರು ತಪ್ಪು ಲಾರಿ ತೋರಿಸಿ ಚೀಲ ಹಾಕು ಎಂದರೂ, ಗೊತ್ತಿದ್ದೇ ಹಾಕಿ, ಆಮೇಲೆ ಬೈಸಿಕೊಂಡು ಮತ್ತೆ ಇಳಿಸುತ್ತಿದ್ದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದರೆ ಸುಮ್ಮನೆ ಬೀಡಿ ಹಚ್ಚುತ್ತಿದ್ದರು. ಅವರ ಮಗ ಸಾಲಿ ಕಲಿತು, ಸಾಹೇಬನಾಗಿ, ಈಗ ಇನ್ನೊಬ್ಬರ ಬಾಯಿ ಮುಚ್ಚಿಸಿ ಬಂದಿದ್ದ. ಅವತ್ತಿನಷ್ಟು ನನ್ನ ಬಗ್ಗೆ ನನಗೆ ಯಾವತ್ತೂ ಹೇಸಿಗೆಯಾಗಿಲ್ಲ.

ಕಚೇರಿಗೆ ಬಂದು ಹಳೆಯ ಹಾಳೆ ಹರಿದೆ. "ಸೋಂಕಿತ ಹೊಂಡದಲ್ಲಿ ಬಳಸಿದ ಬಲೆಯನ್ನು ಸೋಂಕು ನಿವಾರಣೆ ಮಾಡದೆ, ಫಲಾನುಭವಿಯ ಎಚ್ಚರಿಕೆಯನ್ನು ಕಡೆಗಣಿಸಿ, ಅದೇ ದಿನ ಮನ್ನಳ್ಳಿಯ ಹೊಂಡದಲ್ಲಿ ನಾನು ಬಳಸಿದ್ದೇ ನಷ್ಟಕ್ಕೆ ಕಾರಣ. ಫಲಾನುಭವಿಯ ಕಡೆಯಿಂದ ಯಾವ ಲೋಪವೂ ಇಲ್ಲ" ಎಂದು ಬರೆದು ಸಹಿ ಹಾಕಿ ಅವತ್ತೇ ಕಳಿಸಿದೆ. ಮೇಲಧಿಕಾರಿ ಫೋನ್ ಮಾಡಿ, "ನಿವೃತ್ತಿ ಹೊತ್ತಿನಾಗ ಇದೆಲ್ಲ ಬೇಕಿತ್ತೇನ್ರಿ?" ಎಂದು ಕೇಳಿದರು. ಬೇಕಿರಲಿಲ್ಲ, ನಿಜ. ನನಗೆ ನೋಟಿಸ್ ಬಂತು, ವಿಚಾರಣೆ ಆಯಿತು, ಸೇವಾ ಪುಸ್ತಕದಲ್ಲಿ ಮೊದಲ ಬಾರಿ ಕೆಂಪು ಶಾಯಿ ಬಿತ್ತು. ಮಾಳಮ್ಮನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಚಳಿಗಾಲ ಕಳೆದ ಮೇಲೆ ಎರಡನೆಯ ಸಲ ಮರಿ ಕೊಡಲು ಒಪ್ಪಿಗೆ ಬಂತು. ಅರ್ಜಿ ಹಿಡಿದು ಮನ್ನಳ್ಳಿಗೆ ಹೋದೆ. ರಸ್ತೆಯ ಬದಿಯಲ್ಲೇ ನಿಂತು ಅವಳನ್ನು ಕರೆಸಿದೆ. ಮಾಳಮ್ಮ ನಿಧಾನವಾಗಿ ಅಕ್ಷರ ಕೂಡಿಸಿ ಸಹಿ ಮಾಡಿ, ಪೆನ್ನು ವಾಪಸು ಕೊಡುತ್ತ ಹೇಳಿದಳು:

"ಮರಿ ಕೊಡ್ರಿ ಸಾಹೇಬ್ರ. ಆದ್ರ ನೀವು ಹೊಂಡಕ್ಕ ಬರಬ್ಯಾಡ್ರಿ."

ಇಸ್ಮಾಯಿಲ್ ಆಕಾಶ ನೋಡಿದ. ನನಗೆ ಚುರ್ ಎಂದಿತು, ಇಲ್ಲವೆನ್ನುವುದಿಲ್ಲ. ತಪ್ಪು ಬರೆದುಕೊಟ್ಟ ಮೇಲೆ ಎಲ್ಲ ಸರಿಹೋಗಿದೆ ಎಂದು ನಾನು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದೆ. "ಮತ್ತ ಮರಿ ಬೆಳವಣಿಗಿ ಯಾರು ನೋಡ್ತಾರ?" ಎಂದೆ.

"ನೀವು ಕಲಿಸೀರಲ್ರಿ. ನಾ ನೋಡಿ ಫೋನಿನ್ಯಾಗ ಹೇಳ್ತೀನಿ. ಬಲಿ ನಂದೇ ಒಂದು ತಂದೀನ್ರಿ."

ಸರಿ ಎಂದೆ. ನಿಯಮದ ಪ್ರಕಾರ ಅಧಿಕಾರಿ ತಿಂಗಳಿಗೊಮ್ಮೆ ಖುದ್ದು ಪರಿಶೀಲಿಸಬೇಕು. ಪುಸ್ತಕದಲ್ಲಿ "ರೋಗ ತಡೆಗಟ್ಟುವ ಸಲುವಾಗಿ ಭೇಟಿ ನೀಡಿಲ್ಲ, ಮಾಹಿತಿ ದೂರವಾಣಿಯಲ್ಲಿ ಪಡೆದಿದೆ" ಎಂದು ತಿಂಗಳು ತಿಂಗಳು ಬರೆದೆ. ಅವಳು ಹೇಳಿದ ತೂಕ, ಉದ್ದ, ತಿಂದ ಪ್ರಮಾಣ ಎಲ್ಲ ಬರೆದೆ. ಬೀರಪ್ಪ ದಂಡೆಯ ಮೇಲೆ ಕುಳಿತು ಹಕ್ಕಿ ಓಡಿಸುತ್ತಾನೆಂದೂ ಹೇಳಿದಳು. ಅದನ್ನು ಬರೆಯಲು ಪುಸ್ತಕದಲ್ಲಿ ಕಾಲಂ ಇರಲಿಲ್ಲ.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಹೆಚ್ಚೇನಿಲ್ಲ. ರೋಗದ ಹೆಸರು, ವೈರಸ್ಸಿನ ಗುಣ, ಎಷ್ಟು ನೀರಿಗೆ ಎಷ್ಟು ಪೌಡರ್ ಎಂಬುದು ಪುಸ್ತಕದಲ್ಲಿ ಸಿಗುತ್ತದೆ, ನನಗೂ ಬಾಯಿಪಾಠವಿತ್ತು. ಎದುರಿಗೆ ನಿಂತವರು ನಮಗೆ ಬೇಡ ಎನ್ನಲು ಹೆದರುವಂತಿದ್ದರೆ ಆ ವಿದ್ಯೆಯೆಲ್ಲ ಜೀಪಿನಲ್ಲೇ ಉಳಿಯುತ್ತದೆ. ಆಮೇಲೆ ನಿವೃತ್ತನಾಗುವಾಗ ನನ್ನ ಜಾಗಕ್ಕೆ ಬಂದವರಿಗೆ ನಾನು ಕೊಟ್ಟ ಸಲಹೆ ಎರಡೇ. ಹೊಂಡಕ್ಕೊಂದು ಬಲೆ ಇಡಿ. ಇಳಿಯುವ ಮುಂಚೆ ಬರಬಹುದೇ ಎಂದು ಕೇಳಿ, ಉತ್ತರಕ್ಕೆ ಕಾಯಿರಿ.

ಎರಡನೆಯ ಸಲ ಮರಿ ಬಿಟ್ಟು ಆರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ನಾನು ಕಚೇರಿಯಲ್ಲಿ ತೂಕಡಿಸುತ್ತಿದ್ದಾಗ ಮಾಳಮ್ಮನ ಫೋನ್ ಬಂತು. ಹಿಂದಿನಿಂದ ಬೀರಪ್ಪ ಯಾರಿಗೋ ಗದರುವುದು, ಪಾತ್ರೆಗಳ ಸದ್ದು, ನಾಲ್ಕಾರು ಜನರ ನಗು ಕೇಳುತ್ತಿತ್ತು.

"ಎಲ್ಲಾ ಹಿಡ್ದು ಮುಗೀತ್ರಿ. ನಿಮ್ಮ ಪಾಲಿಂದು ಸಾರು ಇಟ್ಟೀನಿ" ಎಂದಳು. "ಈಗ ಬರ್ರಿ ಸಾಹೇಬ್ರ, ಹೊಂಡ ಖಾಲಿ ಆಗ್ಯದ."